ದಿಲಶಾದಬಿ ತನ್ನ ಮೇಲೆ ತಾನೇ ಕೇಸು ಬರೆಸಿದ್ದು

ದಿಲಶಾದಬಿಯ ಮೇಲೆ ನಾನು ಎರಡು ಸಲ ದೂರು ಬರೆದಿದ್ದೇನೆ. ಮೊದಲನೆಯದು ಆರೋಗ್ಯ ಕೇಂದ್ರಕ್ಕೆ, ಎರಡನೆಯದು ಪಂಚಾಯತಿಗೆ. ಕಾಮಾಲೆ ಬಂದ ಮಕ್ಕಳಿಗೆ ಕಾದ ತಂತಿಯಿಂದ ಬರೆ ಹಾಕುತ್ತಾಳೆ, ಇದನ್ನು ನಿಲ್ಲಿಸಬೇಕು ಎಂದು ಬರೆದು, ಕೆಳಗೆ ಅಂಗನವಾಡಿ ಕಾರ್ಯಕರ್ತೆ ಎಂದು ಸಹಿ ಮಾಡಿ, ಸೀಲು ಹೊಡೆದು ಕೊಟ್ಟಿದ್ದೆ. ಎರಡಕ್ಕೂ ಉತ್ತರ ಬರಲಿಲ್ಲ. ಪಂಚಾಯತಿಯ ಗುಮಾಸ್ತ ಮಾತ್ರ ಒಂದು ದಿನ ದಾರಿಯಲ್ಲಿ ಸಿಕ್ಕು, "ಅಕ್ಕಾರ, ನಮ್ಮನಿ ಕೂಸಿಗೂ ಆಕೀನ ಹಾಕ್ಯಾಳ್ರಿ. ಏನಂತ ಬರಕೊಳ್ಳಿ ಹೇಳ್ರಿ?" ಎಂದು ಹಲ್ಲು ಕಿರಿದ. ಆ ದೂರುಗಳಲ್ಲಿ ಒಂದು ಸಂಗತಿಯನ್ನು ನಾನು ಬರೆದಿರಲಿಲ್ಲ. ಅದು ಮುಂದೆ ಬರುತ್ತದೆ, ಬಚ್ಚಿಡುವುದಿಲ್ಲ.

ಹೆಸರುಗಳ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಬರುವ ಮಗುವಿನ ಹೆಸರು ಪ್ರಿಯಾಂಕಾ ಅಲ್ಲ. ಅವಳ ಮನೆಯವರ ಹೆಸರು, ಪೊಲೀಸರ ಹೆಸರು ಎಲ್ಲವನ್ನೂ ಬದಲಿಸಿದ್ದೇನೆ. ಊರಿನ ಹೆಸರು, ಠಾಣೆಯ ಹೆಸರು ಬರೆಯುವುದೇ ಇಲ್ಲ. ಅಡರಕಟ್ಟಿಯ ಆಚೆ ಒಂದು ಸಣ್ಣ ಊರು ಎಂದರೆ ಸಾಕು. ದಿಲಶಾದಬಿಯ ಹೆಸರನ್ನೂ ಬದಲಿಸಲು ಹೊರಟಿದ್ದೆ. ಆಕೆ ಒಪ್ಪಲಿಲ್ಲ.

"ನನ್ನ ಹೆಸರ ಇರ್ಲಿ ವನಿತವ್ವಾ. ಅದರಿಂದನ ಎಲ್ಲಾ ಆಗೇತಿ" ಎಂದಳು.

ಆಕೆಗೆ ಈಗ ಅರವತ್ತನಾಲ್ಕು ವರ್ಷ. ಗಂಡ ಖಾಸಿಂಸಾಬ ಹಿಂದೆ ಊರೂರು ತಿರುಗಿ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಮನೆಮನೆಗೆ ಸ್ಟೀಲು ಬಂದ ಮೇಲೆ ಆ ಕೆಲಸ ನಿಂತುಹೋಯಿತು. ಅವನ ಸಾಮಾನಿನ ಚೀಲದಲ್ಲಿದ್ದ ಒಂದು ಗೇಣು ಉದ್ದದ ತಂತಿಯೇ ದಿಲಶಾದಬಿಯ ಬರೆಯ ತಂತಿ. ವಿದ್ಯೆ ಅತ್ತೆಯಿಂದ ಬಂದದ್ದು. ಅದಕ್ಕೆ ಆಕೆ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಕಟ್ಟುಪಾಡು ಬಹಳ. ಗುರುವಾರ ಬೆಳಿಗ್ಗೆ ಮಾತ್ರ, ಮಗು ಇನ್ನೂ ಏನೂ ತಿಂದಿರಬಾರದು. ಎಡಗೈಯ ಒಳಮೈಯಲ್ಲಿ, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ, ಮೂರೇ ಚುಕ್ಕೆ, ಅಕ್ಕಿಕಾಳಿನಷ್ಟು. ಮಗುವನ್ನು ತಾಯಿಯೇ ತೊಡೆಯ ಮೇಲೆ ಹಿಡಿದುಕೊಂಡು ಕೂರಬೇಕು. ತಾಯಿ ಬರದಿದ್ದರೆ ಎಷ್ಟೇ ದೂರದವರು ಬಂದಿದ್ದರೂ ವಾಪಸು ಕಳಿಸುತ್ತಿದ್ದಳು. ನಲವತ್ತು ವರ್ಷ ಹೀಗೇ ನಡೆಯಿತು. ಶಿರಹಟ್ಟಿ, ಮುಂಡರಗಿ ಕಡೆಯಿಂದಲೂ ಜನ ಮಕ್ಕಳನ್ನು ಎತ್ತಿಕೊಂಡು ಬರುತ್ತಿದ್ದರು.

ಇನ್ನೊಂದು ಗುರುತೆಂದರೆ ಆಕೆಯ ಬಳೆ. ಎರಡೂ ಕೈಗೆ ಮುಂಗೈಯ ಅರ್ಧದವರೆಗೆ ಹಸಿರು ಗಾಜಿನ ಬಳೆ ತೊಡುತ್ತಾಳೆ. ಓಣಿಯ ತಿರುವಿನಲ್ಲಿ ಇರುವಾಗಲೇ ಸಪ್ಪಳ ಬಂದುಬಿಡುತ್ತದೆ. ಆ ಸಪ್ಪಳ ಕೇಳಿದರೆ ಆಡುತ್ತಿದ್ದ ಮಕ್ಕಳು ಕೈ ಬಚ್ಚಿಟ್ಟುಕೊಂಡು ಓಡುತ್ತಿದ್ದವು. ಉಣ್ಣದ ಮಗುವಿಗೆ, ಮಲಗದ ಮಗುವಿಗೆ ನಮ್ಮ ಊರಿನ ತಾಯಂದಿರು ಹೇಳುತ್ತಿದ್ದ ಮಾತು ಒಂದೇ: "ಬರಿ ಅಜ್ಜೀನ ಕರೀಲೇನು?" ಬರೆ ಹಾಕುವ ಅಜ್ಜಿ ಎಂದು. ನನ್ನ ಅಂಗನವಾಡಿಯ ಸಹಾಯಕಿಯೂ ಈ ಮಾತು ಆಡುತ್ತಿದ್ದಳು. ನಾನು ಬೈಯುತ್ತಿದ್ದೆ, ಆದರೆ ಅಷ್ಟೇನೂ ಜೋರಾಗಿ ಅಲ್ಲ.

ಪ್ರಿಯಾಂಕಾಳಿಗೆ ಐದೂವರೆ ವರ್ಷ. ತಾಯಿ ಎರಡು ವರ್ಷದ ಹಿಂದೆ ತೀರಿಕೊಂಡಳು. ತಂದೆ ಮೌನೇಶ ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಮಗುವನ್ನು ತನ್ನ ಅಣ್ಣ ಉಡಚಪ್ಪನ ಮನೆಯಲ್ಲಿ ಬಿಟ್ಟಿದ್ದ. ಒಂದು ಸೋಮವಾರ ಮಕ್ಕಳಿಗೆ ಮೊಟ್ಟೆ ಹಂಚುತ್ತಿದ್ದೆ. ಎಲ್ಲ ಮಕ್ಕಳು ಸಾಲಾಗಿ ಕುಳಿತವು, ಇವಳು ಗೋಡೆ ಹಿಡಿದು ನಿಂತಳು. ಕೂತ್ಕೋ ಎಂದೆ, ಕೂರಲಿಲ್ಲ. ಗದರಿದೆ. ಕೂರಲು ಹೋಗಿ ಮುಖ ಹಿಂಡಿದಳು. ಒಳಗೆ ಕರೆದುಕೊಂಡು ಹೋಗಿ ಲಂಗ ಎತ್ತಿ ನೋಡಿದೆ. ಎರಡೂ ತೊಡೆಯ ಹಿಂಬದಿಗೆ ಸುಟ್ಟ ಗಾಯ. ಒಂದೆರಡಲ್ಲ, ಏಳು.

ಮಗುವಿನ ದೊಡ್ಡಮ್ಮ ಸಾವಂತ್ರೆವ್ವನನ್ನು ಕರೆಸಿದೆ. ಆಕೆ ಬಾಗಿಲಲ್ಲೇ ನಿಂತು, "ಕಾಮಾಲಿ ಆಗಿತ್ತರಿ. ದಿಲಶಾದಬಿ ಕಡೆ ಬರಿ ಹಾಕಿಸೀವಿ" ಎಂದಳು. ನಾನು ನಂಬಿದೆ. ಇದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ. ಇಪ್ಪತ್ತೆರಡು ವರ್ಷ ಮಕ್ಕಳ ನಡುವೆ ಇದ್ದ ನಾನು ಆ ಗಾಯ ಎಲ್ಲಿದೆ, ಎಷ್ಟಗಲ ಇದೆ ಎಂದು ನೋಡುವ ಬದಲು, ಯಾರ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆನೋ ಅವಳ ಮನೆಗೆ ಜಗಳಕ್ಕೆ ಹೋದೆ.

ದಿಲಶಾದಬಿ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ನೀನೇನು ಮನುಷ್ಯಳೋ ರಾಕ್ಷಸಿಯೋ, ತಾಯಿಯಿಲ್ಲದ ಕೂಸು, ಏಳು ಬರೆ, ಅದೂ ತೊಡೆಗೆ! ಆಕೆ ಸುಲಿಯುವುದನ್ನು ನಿಲ್ಲಿಸಿದಳು.

"ತೊಡಿಗಿ?"

"ಹೌದು, ತೊಡಿಗಿ!"

"ತಾಯಿ ಇಲ್ಲದ ಕೂಸಿಗೆ ನಾ ಎಂದೂ ಹಾಕಿಲ್ಲ, ವನಿತವ್ವಾ. ತೊಡಿಗಿ ಹಾಕೂದು ನನಗ ಗೊತ್ತೂ ಇಲ್ಲ. ನಡಿ, ತೋರ್ಸು."

ಶೇಂಗಾ ಮೊರ ಅಲ್ಲೇ ಬಿಟ್ಟು ನನಗಿಂತ ಮುಂದೆ ನಡೆದಳು. ಅಂಗನವಾಡಿಯ ಅಂಗಳಕ್ಕೆ ಬಳೆ ಸಪ್ಪಳ ಬಂದದ್ದೇ ತಡ, ಪ್ರಿಯಾಂಕಾ ಕಿಟಾರನೆ ಕಿರುಚಿ ಅಕ್ಕಿ ಮೂಟೆಯ ಹಿಂದೆ ಸೇರಿಕೊಂಡಳು. ಅಂಥ ಕೂಗನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ದಿಲಶಾದಬಿ ಹೊಸ್ತಿಲು ದಾಟಲಿಲ್ಲ. ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತು, "ನಾ ಒಳಗ ಬರಂಗಿಲ್ಲವ್ವಾ, ಬರಂಗಿಲ್ಲ" ಎಂದಳು. ಮಗು ಸ್ವಲ್ಪ ಸುಮ್ಮನಾದ ಮೇಲೆ ನಾನು ಅವಳನ್ನು ಎತ್ತಿ ಬೆನ್ನು ಮಾಡಿಸಿ ನಿಲ್ಲಿಸಿದೆ. ದಿಲಶಾದಬಿ ಹೊಸ್ತಿಲಿನಿಂದಲೇ ನೋಡಿದಳು. ಬಹಳ ಹೊತ್ತು ನೋಡಿದಳು.

ಹೊರಗೆ ಬೇವಿನ ಮರದ ಕೆಳಗೆ ಬಂದು ಹೇಳಿದಳು: "ಇದು ತಂತಿ ಅಲ್ಲ. ಒಲಿ ಮ್ಯಾಲಿನ ತವಾ ಹಿಡೀತಾರಲ್ಲ, ಆ ಇಕ್ಕಳ. ಎರಡ ಬೆರಳ ಅಗಲ ಐತಿ. ಮತ್ತ ಒಂದ ದಿನದ್ದೂ ಅಲ್ಲ ಇದು. ಮ್ಯಾಲಿನ ಎರಡು ಇಪ್ಪತ್ತ ದಿನದ್ದು. ನಡುವಿನ ಮೂರು ಹತ್ತ ದಿನದ್ದು. ಕೆಳಗಿನ ಎರಡು ಮೊನ್ನೀವು, ಇನ್ನಾ ನೀರ ಅದಾವ."

ಸುಟ್ಟ ಗಾಯ ದಿನದಿಂದ ದಿನಕ್ಕೆ ಹೇಗೆ ಬಣ್ಣ ಬದಲಿಸುತ್ತದೆ ಎಂದು ನಮ್ಮ ಊರಿನಲ್ಲಿ ಆಕೆಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಅದೇ ಮಾತಿನ ಕೊನೆಗೆ ಆಕೆ ಇನ್ನೊಂದನ್ನು ಸೇರಿಸಿದಳು. ಹತ್ತು ಹನ್ನೆರಡು ದಿನ ಹೋದರೆ ಏಳೂ ಗಾಯ ಒಂದೇ ಬಣ್ಣಕ್ಕೆ ಬರುತ್ತವೆ, ಆಮೇಲೆ ಒಂದೇ ಸಲಕ್ಕೆ ಹಾಕಿದ ಬರೆ ಎಂದರೆ ಯಾರೂ ಅಲ್ಲಗಳೆಯಲಾರರು. ಅಷ್ಟರೊಳಗೆ ಯಾರಾದರೂ ಬರೆದುಕೊಳ್ಳಬೇಕಿತ್ತು. ಬರೆದುಕೊಳ್ಳದಿದ್ದರೆ ಮಗು ಆ ಮನೆಯಲ್ಲೇ ಉಳಿಯಬೇಕಿತ್ತು.

ನಾನು ಮಕ್ಕಳ ಸಹಾಯದ ನಂಬರಿಗೆ ಫೋನು ಮಾಡಿದೆ. ಅದು ಅಲ್ಲಿ ಇಲ್ಲಿ ತಿರುಗಿ ಕೊನೆಗೆ ಅಮೀರಾ ಎಂಬ ಹುಡುಗಿಗೆ ಹೋಯಿತು. ಮಾತಿನಲ್ಲಿ ಮೃದು, ಆದರೆ ಏದುಸಿರು ಬಿಡುತ್ತಿದ್ದಳು. "ಅಕ್ಕಾರ, ನಾ ಈಗ ಮುಂಡರಗಿ ಆಚೆ ಒಂದ ಹಳ್ಳ್ಯಾಗ ಇದ್ದೇನ್ರಿ, ಇಲ್ಲೊಂದ ಬಾಲ್ಯವಿವಾಹದ ಕೇಸು. ಈ ಮೂರೂ ತಾಲೂಕಿಗೆ ನಾ ಒಬ್ಬಾಕಿನ. ಬ್ಯಾರೆ ಯಾರನ್ನರ ಕಳಸಾಕ ಯಾರೂ ಇಲ್ಲ. ಗುರುವಾರಕ್ಕ ಖರೆ ಬರ್ತೇನಿ. ನೀವು ಅಷ್ಟರಾಗ ಠಾಣೆಕ್ಕ ಹೋಗ್ರಿ, ಅವರು ಇವತ್ತ ಬರಕೋಬೇಕು" ಎಂದಳು. ಅವಳ ಮೇಲೆ ಸಿಟ್ಟು ಬರಲಿಲ್ಲ. ಮೂರು ತಾಲೂಕಿಗೆ ಒಬ್ಬಳನ್ನೇ ಇಟ್ಟವರ ಮೇಲೆ ಬಂತು, ಇವತ್ತಿಗೂ ಇದೆ.

ಠಾಣೆಯಲ್ಲಿ ಎಎಸ್‌ಐ ಪುಂಡಲೀಕಪ್ಪ ಕುರ್ಚಿ ಕೊಟ್ಟು ಕೂರಿಸಿದರು, ಚಹಾ ತರಿಸಿದರು. ಕೆಟ್ಟ ಮನುಷ್ಯರಲ್ಲ. ನನ್ನ ಮಾತೆಲ್ಲ ಕೇಳಿ ನಕ್ಕರು.

"ಬರಿ ಹಾಕಿದ್ದಕ್ಕ ಕೇಸ್ ಮಾಡಾಕ ಹತ್ತಿದ್ರ ಅರ್ಧಾ ಜಿಲ್ಲಾನ ಒಳಗ ಹಾಕಬೇಕಾಕ್ಕೈತ್ರಿ ಅಕ್ಕಾರ. ನೋಡ್ರಿಲ್ಲೆ." ಅಂಗಿಯ ತೋಳು ಮೇಲೇರಿಸಿ ತಮ್ಮ ಕೈ ತೋರಿಸಿದರು. ಎರಡು ಹಳೆಯ ಗೀರು. "ನಮ್ಮವ್ವ ಹಾಕ್ಸಿದ್ದು. ನಾ ಏನ್ ಸತ್ತೇನೇನು?"

ಇದು ಬರೆ ಅಲ್ಲ ಎಂದು ನಾನು ವಾದಿಸಿದೆ. ಅವರು ಉಡಚಪ್ಪನಿಗೆ ಫೋನು ಮಾಡಿ ಮಗುವನ್ನು ಕರೆದುಕೊಂಡು ಬರಲು ಹೇಳಿದರು. ಅವನು ಮೋಟರ್ ಸೈಕಲ್ ಮೇಲೆ ಮಗುವನ್ನು ಮುಂದೆ ಕೂರಿಸಿಕೊಂಡು ಬಂದ. ಟ್ಯಾಂಕಿನ ಮೇಲೆ, ಆ ಗಾಯಗಳ ಮೇಲೆ! ಬಂದವನೇ ನಮಸ್ಕಾರ ಮಾಡಿ, "ಇದು ಕಾಮಾಲಿಗೆ ದಿಲಶಾದಬಿ ಹಾಕಿದ ಬರೀರಿ ಸಾಹೇಬ್ರ. ಅಕ್ಕಾರಗೂ ಆಕೀಗೂ ಮೊದ್ಲಿಂದ ಆಗಂಗಿಲ್ರಿ. ಎರಡ ಸಲ ಅರ್ಜಿ ಕೊಟ್ಟಾರ. ಆ ಸಿಟ್ಟು ನನ್ನ ಮ್ಯಾಲೆ ತೀರಿಸ್ಕೋತಾರ" ಎಂದ. ನನ್ನದೇ ದೂರು ನನ್ನ ಮುಖಕ್ಕೆ ಬಂದು ಬಡಿಯಿತು. ಪುಂಡಲೀಕಪ್ಪ ಸಮವಸ್ತ್ರದಲ್ಲೇ, ಉಡಚಪ್ಪನ ಎದುರಿಗೇ, ಮಗುವನ್ನು ಕೇಳಿದರು: "ಯಾರವ್ವಾ ಬರಿ ಹಾಕಿದ್ದು? ಹೇಳವ್ವಾ, ಅಂಜಬ್ಯಾಡ." ಮಗು ಅವರ ಬೂಟು ನೋಡುತ್ತ ನಿಂತಿತ್ತು. ಬಾಯಿ ಬಿಡಲಿಲ್ಲ. ಮಹಿಳಾ ಅಧಿಕಾರಿ ಇಲ್ಲವೇ ಎಂದು ನಾನು ಕೇಳಿದೆ. ಬಂದೋಬಸ್ತಿಗೆ ಹೋಗಿದ್ದಾರೆ, ಗುರುವಾರದ ಮೇಲೆ ಬನ್ನಿ ಎಂದರು. ಕೊನೆಗೆ, ನಿಮ್ಮ ಊರಿನ ಹಳ್ಳದ ಆಚೆ ದಂಡೆ ಬೇರೆ ಠಾಣೆಗೆ ಸೇರುತ್ತದೆ, ಉಡಚಪ್ಪನ ಮನೆ ಯಾವ ದಂಡೆಗೆ ಇದೆ ಎಂದು ಮೊದಲು ನೋಡಬೇಕು ಎಂದೂ ಹೇಳಿದರು. ಮಗು ಮತ್ತೆ ಅದೇ ಟ್ಯಾಂಕಿನ ಮೇಲೆ ಕುಳಿತು ಅದೇ ಮನೆಗೆ ಹೋಯಿತು.

ಮಂಗಳವಾರ ಬೆಳಿಗ್ಗೆ ನಾನೂ ದಿಲಶಾದಬಿಯೂ ಹಳ್ಳದ ಆಚೆಯ ಠಾಣೆಗೆ ಹೋದೆವು. ಅಲ್ಲಿ ನಮ್ಮನ್ನು ಒಳಗೇ ಕರೆಯಲಿಲ್ಲ. ಇದು ನಮಗೆ ಬರುವುದಿಲ್ಲ ಎಂದರು. ಬಸ್ಸಿಗೆ ಕಾಯುತ್ತಿದ್ದಾಗ ಅಲ್ಲಿನ ಹವಾಲ್ದಾರ ಕಳಕಪ್ಪ ಎಲೆ ಅಡಿಕೆ ಅಗಿಯುತ್ತ ಹತ್ತಿರ ಬಂದರು.

"ನಾ ಹೇಳಿದ್ನಿ ಅನಬ್ಯಾಡ್ರಿ. ಗಡಿ ಯಾವ್ದರ ಇರ್ಲಿ, ಮೊದಲ ಹೋದ ಠಾಣೆದಾಗ ಬರಕೋಬೇಕು. ಆಮ್ಯಾಲೆ ಅವರ ಕಳಸ್ತಾರ. ಒಮ್ಮೆ ಕೇಸು ಅಂತ ನಂಬರ್ ಬಿತ್ತಂದ್ರ ಡಾಕ್ಟರ್ ನೋಡಬೇಕು, ಮಕ್ಕಳ ಸಮಿತಿಗೆ ಖಬರ ಹೋಗಬೇಕು. ನಂಬರ್ ಬೀಳೂತನಕ ಏನೂ ಇಲ್ಲ."

"ನಂಬರ್ ಬೀಳಾಕ ಯಾರ ಮ್ಯಾಲೆ ಕೇಸ್ ಇರಬೇಕ್ರಿ?" ದಿಲಶಾದಬಿ ಕೇಳಿದಳು.

"ಯಾರ ಮ್ಯಾಲರ ಇರ್ಲಿ" ಎಂದರು ಕಳಕಪ್ಪ.

ಊರಿಗೆ ಬಂದು ಬಸ್ಸು ಇಳಿದ ಮೇಲೆ ಆಕೆ ಹೇಳಿದಳು. ಆ ಮಾತನ್ನು ನಾನು ಮರೆಯಲಾರೆ. "ನನ್ನ ತಂತಿ ಈ ಊರಾಗ ಇಲ್ಲದಿದ್ರ ಉಡಚಪ್ಪಗ ಈ ಸುಳ್ಳ ಸಿಗತಿರಲಿಲ್ಲ. ಅವ ನನ್ನ ಹೆಸರಿನ ಹಿಂದ ಕುಂತಾನ. ನಾ ಎದ್ದ ನಿಂತ್ರ ಅವ ಕಾಣ್ತಾನ."

ಬುಧವಾರ ಒಂಬತ್ತೂವರೆಗೆ ಆಕೆ ಆ ತಂತಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಪುಂಡಲೀಕಪ್ಪನವರ ಮೇಜಿನ ಮೇಲೆ ಇಟ್ಟಳು. ನಾನು ಜೊತೆಗಿದ್ದೆ. ಹೊರಡುವಾಗ ಒಳಗೆ ಹಾಕುತ್ತಾರೆ ಚಾಚಿ, ವಿಚಾರ ಮಾಡು ಎಂದಿದ್ದೆ. ಖಾಸಿಂಸಾಬ ಕಟ್ಟೆಯ ಮೇಲೆ ಕುಳಿತು, "ಹೋಗ್ಲಿ ಬಿಡವ್ವಾ, ಆಕಿ ನಿಂದರಂಗಿಲ್ಲ" ಎಂದಿದ್ದ.

"ಏನ್ ಅಜ್ಜಿ ಇದು?" ಎಂದರು ಪುಂಡಲೀಕಪ್ಪ.

"ಆ ಕೂಸಿಗೆ ಬರಿ ಹಾಕಿದಾಕಿ ನಾನಂತ ಉಡಚಪ್ಪ ನಿಮ್ಮ ಮುಂದ ಹೇಳ್ಯಾನಲ್ರಿ. ಕೂಸಿಗೆ ಬೆಂಕಿ ಇಡೂದು ಗುನ್ನೆ ಹೌದಲ್ರಿ? ನನ್ನ ಮ್ಯಾಲೆ ಕೇಸ್ ಬರ್ಕೋರಿ."

ಅವರು ನಕ್ಕರು. ಮನೆಗೆ ಹೋಗು ಎಂದರು. ಆಕೆ ಬೆಂಚಿನ ಮೇಲೆ ಕುಳಿತಳು. ಹತ್ತೂವರೆಗೆ ಮತ್ತೆ ಹೇಳಿದರು. ಆಕೆ ಏಳಲಿಲ್ಲ. "ಕಳ್ಳ ತಾನ ಬಂದು ಕಳವ ಮಾಡೇನಿ ಅಂದ್ರ ಅವನ್ನೂ ಹಿಂಗ ಮನಿಗೆ ಕಳಸ್ತೀರೇನ್ರಿ?" ಎಂದು ಕೇಳಿದಳು. ಬಂದುಹೋಗುವ ಜನ ನಿಂತು ನೋಡತೊಡಗಿದರು. ಅಜ್ಜಿ ತನ್ನ ಮೇಲೆ ತಾನೇ ಕೇಸು ಹಾಕಿ ಅನ್ನುತ್ತಾಳಂತೆ, ಪೊಲೀಸರು ಒಲ್ಲೆ ಅನ್ನುತ್ತಾರಂತೆ ಎಂಬ ಸುದ್ದಿ ಚಹಾದಂಗಡಿಗೆ ಮುಟ್ಟಿತು. ಲಕ್ಷ್ಮೇಶ್ವರದ ಯಾವುದೋ ಪತ್ರಿಕೆಯ ಹುಡುಗ ಮೊಬೈಲು ಹಿಡಿದು ಬಂದ. ಪುಂಡಲೀಕಪ್ಪನವರ ಮುಖದ ನಗು ಹೋಯಿತು. ಫೋನು ಹಿಡಿದು ಒಳಗಿನ ಕೋಣೆಗೆ ಹೋದರು. ಯಾರೋ ಮೇಲಿನವರು ಏನೋ ಅಂದಿರಬೇಕು. ಹೊರಗೆ ಬಂದು, "ಬರ್ಕೊಳ್ರಿ" ಎಂದು ರೈಟರಿಗೆ ಹೇಳಿದರು.

ಹೀಗೆ ಮಧ್ಯಾಹ್ನ ಎರಡು ಗಂಟೆಗೆ, ಸೋಮವಾರದಿಂದ ಯಾರೂ ಬರೆಯದಿದ್ದ ಆ ಕೇಸಿಗೆ ನಂಬರು ಬಿತ್ತು. ಆರೋಪಿಯ ಹೆಸರು ದಿಲಶಾದಬಿ. ಬರೆಸುವಾಗ ಆಕೆ ಬಿಡಲಿಲ್ಲ. ನಲವತ್ತು ವರ್ಷ ಬರೆ ಹಾಕಿದ್ದೇನೆ, ಇಷ್ಟೇ ಅಗಲದ ತಂತಿಯಿಂದ, ಎಡಗೈಗೆ, ಮೂರೇ ಚುಕ್ಕೆ. ಈ ಮಗುವನ್ನು ನಾನು ಮುಟ್ಟಿಲ್ಲ, ಇದು ಇಕ್ಕಳದ ಗಾಯ, ಮೂರು ಬೇರೆ ಬೇರೆ ದಿನದ್ದು. ಎಲ್ಲವನ್ನೂ ಬರೆಸಿ, ಓದಿಸಿ ಕೇಳಿ, ಹೆಬ್ಬೆಟ್ಟು ಒತ್ತಿದಳು.

ಗುರುವಾರ ಮಗುವನ್ನು ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದರು. ಹೇಳಿದ ಹಾಗೇ ಅಮೀರಾ ಬಂದಳು, ಎರಡು ಬಸ್ಸು ಬದಲಿಸಿ, ಬೆಳಗಿನ ತಿಂಡಿಯನ್ನೂ ತಿನ್ನದೆ. ಬಂದೋಬಸ್ತಿನಿಂದ ಬಿಡಿಸಿಯೋ ಏನೋ, ಗದಗ ಕಡೆಯಿಂದ ಒಬ್ಬ ಮಹಿಳಾ ಪಿಎಸ್‌ಐ ಕೂಡ ಬಂದರು. ಡಾಕ್ಟರು ಅಳತೆಪಟ್ಟಿ ಇಟ್ಟು ಒಂದೊಂದೇ ಗಾಯ ಅಳೆದರು. ಗಾಯದ ವಯಸ್ಸಿನ ಬಗ್ಗೆ ಅಜ್ಜಿಯ ಮಾತು ಸರಿ ಎಂದು ಬರೆದರು. ಆದರೆ ಪಿಎಸ್‌ಐ ಒಂದು ತೊಡಕು ತೆಗೆದರು.

"ಈಕಿ ಬರಿ ಬ್ಯಾರೆ ಥರ ಇರ್ತಾವ ಅಂತ ಈಕಿನ ಹೇಳ್ತಾಳ. ನಾಳೆ ಕೋರ್ಟಿನಾಗ ಅವರ ವಕೀಲ, ಹೆಂಗಿರ್ತಾವ ತೋರ್ಸು ಅಂತಾನ. ಈಕಿ ಹಾಕಿದ ಬರಿ ಇದ್ದವರು ಒಬ್ಬರರ ಬಂದು ಕೈ ತೋರಿಸಬೇಕು, ಅದನ್ನೂ ಡಾಕ್ಟರ್ ಬರೀಬೇಕು."

ಊರು ತುಂಬ ಆಕೆಯ ಬರೆ ಇದ್ದ ಕೈಗಳು. ಆ ದಿನ ಒಂದು ಕೈಯೂ ಬರಲಿಲ್ಲ. ಪಂಚಾಯತಿಯ ಗುಮಾಸ್ತನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಇನ್ನೂ ಆರು ಮನೆಗೆ ಮಾಡಿದೆ. ಹಾಕಿಸಿದವರ ಮೇಲೂ ಕೇಸಾಗುತ್ತದೆ ಎಂದು ಉಡಚಪ್ಪ ಆಗಲೇ ಓಣಿ ಓಣಿಯಲ್ಲಿ ಹಬ್ಬಿಸಿದ್ದ. ದಿಲಶಾದಬಿಯನ್ನೇ ಕೇಳಿದರು: ಯಾರು ಯಾರಿಗೆ ಹಾಕಿದ್ದೀ, ಹೆಸರು ಹೇಳು. ಆಕೆ ಶಿರಹಟ್ಟಿಯ ಒಬ್ಬರು, ಕುರ್ತಕೋಟಿಯ ಒಬ್ಬರು ಎಂದು ದೂರದೂರದ ಹೆಸರುಗಳನ್ನೇ ಹೇಳುತ್ತ ಹೋದಳು. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ.

ಆಗ ನನಗೆ ತಿಳಿಯಿತು. ಆಕೆ ನನ್ನನ್ನು ಕಾಪಾಡುತ್ತಿದ್ದಳು.

ನನ್ನ ಮಗ ಮುತ್ತಣ್ಣನಿಗೆ ಆರು ವರ್ಷವಿದ್ದಾಗ ಕಾಮಾಲೆಯಾಗಿತ್ತು. ಆಸ್ಪತ್ರೆಯ ಔಷಧಿ ಕೊಡಿಸುತ್ತಿದ್ದೆ. ಆದರೂ ಅತ್ತೆಯ ಮಾತಿಗೆ, ನನ್ನ ಅಂಜಿಕೆಗೆ, ಒಂದು ಗುರುವಾರ ಬೆಳಿಗ್ಗೆ ಅವನನ್ನು ದಿಲಶಾದಬಿಯ ಪಡಸಾಲೆಗೆ ಎತ್ತಿಕೊಂಡು ಹೋದೆ. ತೊಡೆಯ ಮೇಲೆ ಹಿಡಿದುಕೊಂಡು ಕುಳಿತವಳು ನಾನೇ. ಅವನು ಅವ್ವಾ ಅವ್ವಾ ಎಂದು ಕೂಗಿದ, ನಾನು ಇನ್ನೂ ಗಟ್ಟಿಯಾಗಿ ಹಿಡಿದೆ. ಅದಾದ ಐದು ವರ್ಷದ ಮೇಲೆ ಆಕೆಯ ಮೇಲೆ ಮೊದಲ ದೂರು ಬರೆದೆ. ಆಕೆ ಆವತ್ತೂ ಯಾರ ಮುಂದೆಯೂ ಇದನ್ನು ಎತ್ತಿ ಆಡಲಿಲ್ಲ.

"ನನ್ನ ಮಗನ ಕೈ ಐತ್ರಿ ಮೇಡಂ" ಎಂದೆ.

"ವನಿತವ್ವಾ, ನೌಕರಿ ಹೋಕ್ಕೈತಿ, ಸುಮ್ನಿರು!" ದಿಲಶಾದಬಿ ಗದರಿದಳು.

"ಹೋದ್ರ ಹೋಗ್ಲಿ ಚಾಚಿ. ನಾನೂ ಹಿಡಕೊಂಡಿದ್ದೆ."

ಮುತ್ತಣ್ಣ ಈಗ ಶಿರಹಟ್ಟಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ. ಫೋನು ಮಾಡಿದ ಮುಕ್ಕಾಲು ಗಂಟೆಗೆ ಬಂದ. ಕೈಗೆಲ್ಲ ಗ್ರೀಸು. ವಿಷಯ ಕೇಳಿ ಒಂದು ಗಳಿಗೆ ನನ್ನ ಮುಖ ನೋಡಿದ, ಆಮೇಲೆ ಎಡಗೈ ಒರೆಸಿಕೊಂಡು ಡಾಕ್ಟರ ಮುಂದೆ ಚಾಚಿದ. ಮೂರು ಚುಕ್ಕೆ, ಅಕ್ಕಿಕಾಳಿನಷ್ಟು. ತಂತಿಯನ್ನು ಪಕ್ಕಕ್ಕಿಟ್ಟು ಡಾಕ್ಟರು ಅಳೆದರು, ಅಗಲ ಸರಿಯಾಗಿ ಕೂಡಿತು. ಅಳೆಯುವಾಗ ನಾನು ಗೋಡೆಯ ಕಡೆ ನೋಡುತ್ತ ಅತ್ತೆ.

ಆ ರಾತ್ರಿ ಮಗುವನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡರು. ಇನ್ನು ಉಳಿದದ್ದು ಅವಳ ಮಾತು. ಅಮೀರಾ ಒಂದೇ ಪಟ್ಟು ಹಿಡಿದಳು. ಠಾಣೆಯಲ್ಲಿ ಬೇಡ, ಸಮವಸ್ತ್ರ ಬೇಡ, ಹತ್ತು ಜನ ಹತ್ತು ಸಲ ಕೇಳುವುದು ಬೇಡ. ಮಗು ಒಂದೇ ಸಲ ಹೇಳಲಿ, ಅವಳಿಗೆ ಗುರುತಿರುವ ಜಾಗದಲ್ಲಿ ಹೇಳಲಿ. ಶುಕ್ರವಾರ ನನ್ನ ಅಂಗನವಾಡಿಯಲ್ಲೇ ಚಾಪೆ ಹಾಸಿದೆವು. ಪಿಎಸ್‌ಐ ಸೀರೆ ಉಟ್ಟುಕೊಂಡು ಬಂದು ಮಕ್ಕಳ ಮಣೆಯ ಮೇಲೆ ಕುಳಿತರು. ಮಗು ಅಮೀರಾಳ ಪಕ್ಕದಲ್ಲಿ ಬೋರಲು ಮಲಗಿ ಹಲಗೆಯ ಮೇಲೆ ಗೀಚುತ್ತಿದ್ದಳು.

"ಯಾರವ್ವಾ ನಿನಗ ಇದು ಮಾಡಿದ್ದು?" ಬಹಳ ಹೊತ್ತು ಬೇರೆ ಏನೇನೋ ಮಾತಾಡಿದ ಮೇಲೆ ಅಮೀರಾ ಕೇಳಿದಳು.

"ಬರಿ ಅಜ್ಜಿ."

ಪಿಎಸ್‌ಐ ಬರೆಯುವುದನ್ನು ನಿಲ್ಲಿಸಿದರು. ಅಮೀರಾ ಮಾತ್ರ ಮುಖ ಬದಲಿಸಲಿಲ್ಲ.

"ಬರಿ ಅಜ್ಜೀನ ನೋಡಿದೇನು ನೀ?"

"ಇಲ್ಲ. ಕಣ್ಣಿಗೆ ಅರಬಿ ಕಟ್ಟಿದ್ದ ದೊಡ್ಡಪ್ಪ. ಹಾಸಿಗ್ಯಾಗ ಉಚ್ಚಿ ಮಾಡಿದ್ರ ಬರಿ ಅಜ್ಜಿ ಬರ್ತಾಳ, ಆಕಿನ್ನ ನೋಡಬಾರ್ದು ಅಂದ."

ಅದೇ ಹೊತ್ತಿಗೆ ಹೊರಗಿನಿಂದ ಬಳೆ ಸಪ್ಪಳ ಬಂತು. ಹೇಳಿಕೆಗೆ ಹೆಬ್ಬೆಟ್ಟು ಬೇಕೆಂದು ದಿಲಶಾದಬಿಯನ್ನು ಕರೆಸಿದ್ದರು. ಮಗು ಒಳಗಿದೆ ಎಂದು ಗೊತ್ತಾದದ್ದೇ ಆಕೆ ಬೇವಿನ ಮರದ ಕಡೆಗೆ ಹಿಂದಿರುಗಿ ಹೋಗುತ್ತಿದ್ದಳು. ಮಗು ತಲೆ ಎತ್ತಿ ಸೆಟೆದುಕೊಂಡಳು. ಅಮೀರಾ ಬೆನ್ನ ಮೇಲೆ ಕೈ ಇಟ್ಟಳು.

"ಬರಿ ಅಜ್ಜಿ ಬಂದಾಳ" ಎಂದಿತು ಮಗು, ಪಿಸುಮಾತಿನಲ್ಲಿ.

"ಇಲ್ಲೆ ಬರಂಗಿಲ್ಲ ಆಕಿ. ಹೆಂಗ ಗೊತ್ತಾತು ನಿನಗ?"

"ಬಳಿ ಸಪ್ಪಳ."

ಸಪ್ಪಳ ದೂರವಾಗುತ್ತ ಹೋಯಿತು. ಮಗು ಅದು ಪೂರ್ತಿ ನಿಲ್ಲುವವರೆಗೆ ಕೇಳಿತು. ಆಮೇಲೆ ಹಲಗೆಯ ಕಡೆ ನೋಡಿತು, ಮತ್ತೆ ಬಾಗಿಲ ಕಡೆ ನೋಡಿತು. ಅದು ಏನೋ ಲೆಕ್ಕ ಹಾಕುತ್ತಿತ್ತು.

"ಆವತ್ತ ಬಳಿ ಸಪ್ಪಳ ಆಗ್ಲಿಲ್ಲ" ಎಂದಿತು.

"ಮತ್ತೇನ ಕೇಳ್ತು?"

"ದೊಡ್ಡವ್ವ ಟೀವಿ ದೊಡ್ಡದ ಮಾಡಿದ್ಲು. ಮತ್ತ ದೊಡ್ಡಪ್ಪ ಕೆಮ್ಮಿದ. ಇಲ್ಲೆ." ಮಗು ತನ್ನ ಕಿವಿಯ ಹತ್ತಿರ ಕೈ ಹಿಡಿದು ತೋರಿಸಿತು.

ಪಿಎಸ್‌ಐ ಬರೆದುಕೊಂಡರು. ಅಂದೇ ಸಂಜೆ ಉಡಚಪ್ಪನನ್ನು ಹಿಡಿದರು, ಒಲೆಯ ಹಿಂದಿನಿಂದ ಇಕ್ಕಳ ತಂದರು. ಮೌನೇಶ ಗೋವಾದಿಂದ ಬಂದ, ಮಗುವನ್ನು ಕಟ್ಟಿಕೊಂಡು ಗೋಳೋ ಎಂದು ಅತ್ತ, ಅಣ್ಣನನ್ನು ಶಪಿಸಿದ, ತನ್ನನ್ನೂ ಶಪಿಸಿಕೊಂಡ. ಈಗ ಅವನು ಬೆಟಗೇರಿಯಲ್ಲಿ ಮಗುವಿನ ಅಜ್ಜಿಯ ಮನೆಯಲ್ಲೇ ಇದ್ದು, ಅಲ್ಲೇ ಗೌಂಡಿ ಕೆಲಸ ಮಾಡುತ್ತಾನೆ. ಪ್ರಿಯಾಂಕಾ ಒಂದನೆಯ ತರಗತಿಗೆ ಹೋಗುತ್ತಾಳೆ.

ಎಲ್ಲ ಸರಿಹೋಯಿತು ಎಂದು ನಾನು ಬರೆಯಲಾರೆ. ಉಡಚಪ್ಪ ಜಾಮೀನಿನ ಮೇಲೆ ಹೊರಗಿದ್ದಾನೆ. ಅಮೀರಾ ಇವತ್ತಿಗೂ ಮೂರು ತಾಲೂಕಿಗೆ ಒಬ್ಬಳೇ. ಮಗುವಿಗೆ ಧೈರ್ಯ ಹೇಳಲು ಒಬ್ಬ ಮನೋವೈದ್ಯರು ತಿಂಗಳಿಗೊಮ್ಮೆ ಬರುತ್ತಾರೆ ಎಂದು ಕಾಗದದ ಮೇಲೆ ಇದೆ. ಎಂಟು ತಿಂಗಳಲ್ಲಿ ಎರಡು ಸಲ ಬಂದರು. ನನಗೆ ಇಲಾಖೆಯಿಂದ ನೋಟಿಸು ಬಂತು. ನಡೆದದ್ದನ್ನು ನಡೆದ ಹಾಗೆ ಬರೆದು ಕಳಿಸಿದೆ, ಇನ್ನೂ ತೀರ್ಮಾನವಾಗಿಲ್ಲ. ದಿಲಶಾದಬಿಯ ತಂತಿ ಸೀಲು ಮಾಡಿದ ಲಕೋಟೆಯಲ್ಲಿದೆ. ಯಾರಾದರೂ ಮಗುವನ್ನು ಎತ್ತಿಕೊಂಡು ಬಂದರೆ, "ನನ್ನ ತಂತಿ ಸರಕಾರದ ಹಂತೇಕ ಐತಿ, ನೀ ದವಾಖಾನಿಗೆ ನಡಿ" ಎಂದು ಎಬ್ಬಿಸಿ, ಒಮ್ಮೊಮ್ಮೆ ತಾನೇ ಬಸ್ಸು ಹತ್ತಿಸಿ ಬರುತ್ತಾಳೆ. ಹಳೆಯ ಬರೆಗಳ ಸಲುವಾಗಿ ಆಕೆಯ ಮೇಲೆ ಬೇರೆ ಕೇಸು ನಡೆದಿದೆ. ಪೊಲೀಸರು ಹೆದರಿಸಿ ಬರೆಸಿಕೊಂಡರು ಅಂದುಬಿಡು, ನಿನ್ನನ್ನು ಬಿಡಿಸುತ್ತೇನೆ ಎಂದು ಒಬ್ಬ ವಕೀಲರು ಹೇಳಿದರು.

"ಹಂಗಂದ್ರ ನಾ ಬರೆಸಿದ್ದೆಲ್ಲಾ ಸುಳ್ಳ ಆಕ್ಕೈತಿ. ಆ ಮ್ಯಾಲೆ ಕೂಸಿಂದು ಯಾರ ನಂಬ್ತಾರ್ರಿ?" ಎಂದು ಆಕೆ ಎದ್ದು ಬಂದಳು.

ಹೋದ ತಿಂಗಳು ಗದಗಿನ ಕೋರ್ಟಿನಲ್ಲಿ ಮಗುವಿನ ಸಾಕ್ಷಿ ಇತ್ತು. ಒಂದೇ ಸಲ ಹೇಳಿದರೆ ಸಾಕು ಎಂದಿದ್ದ ಮಾತು ಅಲ್ಲಿಗೆ ಮುಗಿಯಿತು, ಮತ್ತೆ ಹೇಳಬೇಕಿತ್ತು. ಪ್ರಿಯಾಂಕಾ ಅಮೀರಾಳ ಕೈ ಹಿಡಿದು ಒಂದು ಕೋಣೆಯಲ್ಲಿ ಕುಳಿತಿದ್ದಳು, ಬಾಗಿಲಿಗೆ ಪರದೆ ಇತ್ತು. ದಿಲಶಾದಬಿ ಪಡಸಾಲೆಯ ಆಚೆ ತುದಿಯ ಬೆಂಚಿನ ಮೇಲೆ ನನ್ನ ಜೊತೆ ಕುಳಿತಿದ್ದಳು. ಮಗು ಹೆದರಬಾರದೆಂದು ಬೆಳಿಗ್ಗೆಯೇ ಎರಡೂ ಕೈಯ ಬಳೆಗಳ ಮೇಲೆ ಬಟ್ಟೆ ಬಿಗಿದು ಸುತ್ತಿಕೊಂಡು ಬಂದಿದ್ದಳು. ಹತ್ತು ಗಂಟೆಯಿಂದ ಕೈ ಅಲ್ಲಾಡಿಸದೆ ಕುಳಿತಿದ್ದಳು.

ಹನ್ನೆರಡರ ಹೊತ್ತಿಗೆ ಅಮೀರಾ ಪರದೆ ಸರಿಸಿ ಓಡುತ್ತ ಬಂದಳು.

"ಅಜ್ಜಿ, ಒಳಗ ಹೋಗಂಗಿಲ್ಲ ಅಂತ ಹಟ ಮಾಡಾಕತ್ತೈತ್ರಿ. ನೀವ ಬಂದೀರಿ ಅಂತ ಹೇಳಿದ್ರ ನಂಬವಲ್ದು."

"ನನ್ನ ಯಾಕ ಕೇಳ್ತೈತಿ ಅದು?"

"ಆವತ್ತ ಬಂದಾಕಿ ನೀವಲ್ಲ ಅಂತ ಅದಕ್ಕ ಗೊತ್ತೈತ್ರಿ, ನೀವಿದ್ರ ಹೋಕ್ಕೈತಂತ. ಬಳಿ ಬಾರ್ಸು ಅನ್ನು ಆಕಿಗೆ, ಅಂತೈತ್ರಿ."

ದಿಲಶಾದಬಿ ನನ್ನ ಮುಖ ನೋಡಿದಳು. ಬಟ್ಟೆಯ ಗಂಟು ಬಿಚ್ಚಲು ಆಕೆಯ ಬೆರಳಿಗೆ ಆಗಲಿಲ್ಲ, ನಾನು ಬಿಚ್ಚಿದೆ. ಆಕೆ ಎದ್ದು ನಿಂತು ಎರಡೂ ಕೈ ಮೇಲೆತ್ತಿ ಜೋರಾಗಿ ಅಲ್ಲಾಡಿಸಿದಳು. ಪಡಸಾಲೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು, ಒಬ್ಬ ಪೇದೆ ಸದ್ದು ಮಾಡಬೇಡಿ ಎಂದು ಗದರಿದ. ಆಕೆ ನಿಲ್ಲಿಸಲಿಲ್ಲ. ಪರದೆಯ ಹಿಂದಿನಿಂದ ಮಗು ಹೊರಬಂದು, ನಮ್ಮ ಕಡೆ ಒಮ್ಮೆ ನೋಡಿ, ನ್ಯಾಯಾಧೀಶರ ಕೋಣೆಗೆ ತಾನೇ ನಡೆದುಕೊಂಡು ಹೋಯಿತು.